ಚಿತ್ರಶಾಲೆಯ ಬಾಗಿಲು ತೆಗೆದ ಯಶೋದಾ

ಹೊಸದುರ್ಗದ ತಿಪ್ಪೇರುದ್ರಪ್ಪ ತೀರಿಕೊಂಡು, ಅವನ ಚಿತ್ರಶಾಲೆಗೆ ಬೀಗ ಬಿದ್ದು ಹನ್ನೆರಡು ವರ್ಷವಾಗಿತ್ತು. ಆಮೇಲೆ ಅತ್ತ ತಲೆ ಹಾಕಿದವರಿಲ್ಲ. ಈಗ ಮಗಳು ಯಶೋದಾ ಅದನ್ನು ಮತ್ತೆ ತೆರೆದೇ ತೀರುತ್ತೇನೆಂದು ಹಟ ಹಿಡಿದಿದ್ದಳು. ಭಾನುವಾರ ಜನ ಬರುವವರಿದ್ದರು. ಊರಿಗೆ ಚಿತ್ರ ಬೇಕಿತ್ತೋ ಇಲ್ಲವೋ, ಅವಳಿಗೆ ಬೇಕಿತ್ತು. ಅಪ್ಪ ಬಿಟ್ಟುಹೋದದ್ದು ಅವಷ್ಟೇ.

ಇಪ್ಪತ್ತೆರಡು ಚಿತ್ರ. ಎಲ್ಲವೂ ಹತ್ತಿರದ ಮತ್ತೋಡು ಊರಿನವರ ಮುಖಗಳು: ಕುರಿ ಕಾಯುತ್ತಿದ್ದ ಕಾಟಯ್ಯ, ಸೊಪ್ಪು ಮಾರುತ್ತಿದ್ದ ಬೋರಕ್ಕ, ಅಂಥವರೇ. ಗಾಜು ಹಾಕಿಸಲು ಅಪ್ಪ ಒಪ್ಪಿರಲಿಲ್ಲ. ಧೂಳು ದಪ್ಪಗೆ ಕೂತಿತ್ತು.

ದಸರೆ ಬಂತೆಂದರೆ ದೇವರ ಮನೆಯ ಗಾಜಿನ ಪಟಗಳ ಮಸಿ ಬಿಡಿಸಲು ಅವ್ವ ಅವಕ್ಕೆ ಒದ್ದೆ ಬಟ್ಟೆ ಹೊದಿಸಿಡುತ್ತಿದ್ದಳು. ಯಶೋದಾಳೂ ಹಾಗೇ ಮಾಡಿದಳು. ಮೆತ್ತಗಿರಲೆಂದು ಅಪ್ಪನ ಹಳೆಯ ಪಂಚೆಗಳನ್ನೇ ಹರಿದು ನೆನೆಸಿ, ನೆಲದ ಮೇಲೆ ಸಾಲಾಗಿ ಮಲಗಿಸಿದ ಚಿತ್ರಗಳಿಗೆ ಮಕ್ಕಳಿಗೆ ಹೊದಿಸುವಷ್ಟು ಜೋಪಾನವಾಗಿ ಹೊದಿಸಿದಳು. ಆಮೇಲೆ ಹಾರ ಹೇಳಿಬರಲು ಪೇಟೆಗೆ ಹೋದಳು.

ಬಂದು ಮೊದಲ ಪಂಚೆ ಎತ್ತಿದಳು. ಬೋರಕ್ಕನ ಮುಖ ಬಟ್ಟೆಗೆ ಅಂಟಿಕೊಂಡು ಎದ್ದುಬಂತು. ಎರಡನೆಯದರಲ್ಲಿ ಕಾಟಯ್ಯ. ಮೂರನೆಯದನ್ನು ಎತ್ತಲು ಕೈ ಬರಲಿಲ್ಲ. ಸಾಲಿನುದ್ದಕ್ಕೂ ಪಂಚೆಗಳ ಅಂಚಿನಿಂದ ಕೆಂಪು, ಹಳದಿ ನೀರು ಒಸರುತ್ತಿತ್ತು.

ಅಣ್ಣನ ಜೊತೆ ಮೂವತ್ತು ವರ್ಷ ಬಣ್ಣ ಅರೆದಿದ್ದ ಚಿಕ್ಕಪ್ಪ ಮುದ್ದಪ್ಪ ಬಂದವನು ಬಾಗಿಲಲ್ಲೇ ನಿಂತುಬಿಟ್ಟ.

"ನೀರು ಸೋಕಿಸಿದ್ಯೇನವ್ವಾ?"

"ಆಯಿಲ್ ಪೇಂಟು ಅಂದ್ಕಂಡಿದ್ದೆ ಚಿಕ್ಕಪ್ಪ. ಅಷ್ಟು ಹೊಳೀತಿತ್ತಲ್ಲ!"

"ಅದು ಕಲ್ಲಲ್ಲಿ ಉಜ್ಜಿದ ಹೊಳಪು. ಬಣ್ಣ ಎಲ್ಲಾ ಮರದ ಅಂಟಿನಾಗೆ ಕಲಸಿದ್ದು. ನೀರು ಬಿದ್ರೆ ಕರಗ್ತೈತೆ."

"ನಂಗ್ಯಾಕೆ ಹೇಳ್ಕೊಡ್ಲಿಲ್ಲ?"

ಮುದ್ದಪ್ಪ ತಲೆ ತಗ್ಗಿಸಿದ. "ಹೆಣ್ಮಕ್ಕಳು ಇನ್ನೊಂದು ಮನೆ ಸೇರೋರು, ಬಣ್ಣದ ಗುಟ್ಟೂ ಅವರ ಜೊತೆ ಹೋಗ್ತೈತೆ ಅಂತಿದ್ದ ನಿಮ್ಮಪ್ಪ. ನಮ್ಮಪ್ಪನೂ ಹಂಗೇ ಅಂತಿದ್ದ."

ಎಂಥ ಜಾಣತನ! ಅಣ್ಣತಮ್ಮಂದಿರಿಬ್ಬರಿಗೂ ಗಂಡುಮಕ್ಕಳಾಗಲಿಲ್ಲ. ಯಶೋದಾ ಮದುವೆಯಾಗಿ ಯಾವ ಮನೆಗೂ ಹೋಗಲಿಲ್ಲ. ಮುಚ್ಚಿದ ಬಾಗಿಲಿನಾಚೆ ಬಣ್ಣ ಅರೆಯುವ ಸದ್ದು ಕೇಳಿಕೊಂಡೇ ಬೆಳೆದಳು, ಅಷ್ಟೇ. ಈಗ ಅವಳಿಗೆ ಅಪ್ಪನ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ತನ್ನ ಕೈಗಳ ಮೇಲೆ ಅಸಹ್ಯವಾಯಿತು.

ಮುದ್ದಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ. "ಅಳಬ್ಯಾಡವ್ವಾ. ಈಗ ನಾ ಹೇಳ್ಕೊಡ್ತೀನಿ. ಅಂಟು ತರಾಣ, ಬಣ್ಣ ಅರೆಯಾಣ. ನಿಮ್ಮಪ್ಪನಂಗೇ ಬರೀವಂತೆ."

"ಏನು ನೋಡ್ಕಂಡು ಬರೀಲಿ ಚಿಕ್ಕಪ್ಪ? ಕಾಟಯ್ಯ ಸತ್ತ, ಬೋರಕ್ಕ ಸತ್ಲು. ಅಪ್ಪ ಎಳೆದ ಒಂದು ಗೆರೆನೂ ಉಳೀಲಿಲ್ಲ."

ಮುದ್ದಪ್ಪ ಹೆಗಲ ಮೇಲಿನ ಟವಲು ತೆಗೆದು, ನೆಲದಲ್ಲಿ ಹರಿಯುತ್ತಿದ್ದ ಬಣ್ಣದ ನೀರನ್ನು ಒರೆಸಲು ಬಾಗಿದ.

"ಒರೆಸಬ್ಯಾಡ" ಎಂದು ಯಶೋದಾ ಅವನ ಕೈ ಹಿಡಿದುಕೊಂಡಳು.