ಕೊಸರಿನ ಚಮಚ

2025ರ ನವೆಂಬರ್ 3, ಸೋಮವಾರ, ಬೆಳಗ್ಗೆ ಒಂಬತ್ತು ಗಂಟೆ ಹನ್ನೆರಡು ನಿಮಿಷ, ಮೆಷಿನ್ನಿನಿಂದ ಇಳಿದ ಕಾಫಿಪುಡಿ ಇನ್ನೂ ಬಿಸಿಯಿದೆ, ಬಿಸಿಯಲ್ಲೇ ಪೊಟ್ಟಣ ಕಟ್ಟಿದರೆ ಒಳಗೆ ಬೆವರುತ್ತದೆ, ಆರಲಿ ಅಂತ ಚಿದಂಬರ ತಟ್ಟೆಯಲ್ಲಿ ಹರವುತ್ತಾನೆ, ಗಾಂಧಿ ಬಜಾರಿನ ಈ ಅಂಗಡಿಯಲ್ಲಿ ಅಪ್ಪನೂ ಹೀಗೇ ಹರವುತ್ತಿದ್ದದ್ದು — ಅಪ್ಪನಿಗೆ ಶೇಕಡಾ ಎರಡರ ಕಾಟ ಇರಲಿಲ್ಲ. ಶುಕ್ರವಾರ ಬ್ಯಾಂಕಿನ ವಂಶಿ ಬಂದು, ಕಾರ್ಡ್ ಉಜ್ಜುವ ಮೆಷಿನ್ನಿಗೆ ಕಾಗದದ ಸುರುಳಿ ಹಾಕುತ್ತ, ತಲೆ ಎತ್ತದೆ, ಒಂದನೇ ತಾರೀಖಿಂದ ಕ್ರೆಡಿಟ್ ಕಾರ್ಡಿಗೆ ಎರಡು ಪರ್ಸೆಂಟ್ ಸಾರ್, ಒಂದೂವರೆ ಇತ್ತಲ್ರೀ, ಇತ್ತು ಸಾರ್, ಜಾಸ್ತಿ ಮಾಡಿದಾರೆ, ಹಂಗಾದ್ರೆ ಅದನ್ನ ಗಿರಾಕಿ ಹತ್ರಾನೇ ಇಸ್ಕೊಳ್ಲಾ, ಅಯ್ಯೋ ಬೇಡಿ, ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ಮೆಷಿನ್ನೇ ಎತ್ಕೊಂಡು ಹೋಗ್ತಾರೆ. ಒಂದೂವರೆಯನ್ನು ಹೇಗೋ ನುಂಗಿಕೊಂಡಿದ್ದ. ಎರಡು — ಬೆಲೆ ಏನೇ ಇರಲಿ, ಅರ್ಧ ಕೆಜಿಗೆ ಶೇಕಡಾ ಎರಡು ಅಂದರೆ ಹತ್ತು ಗ್ರಾಂ, ಹತ್ತು ಗ್ರಾಂ ಅಂದರೆ ಕೊಸರು, ತೂಕ ಸರಿಯಾದ ಮೇಲೂ ಅಪ್ಪ ಪೊಟ್ಟಣಕ್ಕೆ ಸುರಿಯುತ್ತಿದ್ದ ಆ ಒಂದು ಚಮಚ, ನಾಳೆ ಬೆಳಗಿನ ಮೊದಲ ಲೋಟ ನನ್ನ ಲೆಕ್ಕದ್ದು ಅನ್ನುತ್ತ ಸುರಿಯುತ್ತಿದ್ದದ್ದು. ಶನಿವಾರ ಚಿದಂಬರ, ಬಿಎಸ್ಸಿ ಕೆಮಿಸ್ಟ್ರಿ, ಅದೇ ಚಮಚ ಇಪ್ಪತ್ತು ಸಲ ತುಂಬಿ ತೂಗಿ ನೋಡಿದ, ಸರಾಸರಿ 9.8, ಸಾಕಷ್ಟು ಹತ್ತಿರ, ಇನ್ನು ಕೊಸರಿಲ್ಲ, ಕಾರ್ಡಿನವರಿಗೆ ಮಾತ್ರ ನಿಲ್ಲಿಸಿದರೆ ಪಕ್ಕದಲ್ಲಿ ನಿಂತವರು ಕೇಳುತ್ತಾರೆ, ಹಾಗಾಗಿ ಯಾರಿಗೂ ಇಲ್ಲ. ಮನೆಯಲ್ಲಿ ಹೆಂಡತಿ ಕೋಕಿಲಾ ದೋಸೆ ಮಗುಚುತ್ತ, ರೀ, ಒಂದ್ ಚಮಚದಲ್ಲಿ ಅಂಗಡಿ ಉಳಿಯುತ್ತಾ, ಮುಳುಗೋದೂ ಒಂದೊಂದೇ ಚಮಚ ಕಣೇ, ಆಹಾ, ಗಂಡ ದೊಡ್ಡ ವಿಜ್ಞಾನಿ. ಹತ್ತು ನಿಮಿಷದ ಹಿಂದೆ ಓಟದ ಬೂಟಿನವನೊಬ್ಬ ಒಂದು ಕೆಜಿ ಒಯ್ದ, ಕಿವಿಯಲ್ಲಿ ಫೋನು, ಕಾರ್ಡ್ ತಾಗಿಸಿದ, ಹೋದ, ಚಮಚ ಬೀಳದ್ದು ಅವನಿಗೆ ಗೊತ್ತೇ ಆಗಲಿಲ್ಲ, ಇಷ್ಟು ದಿನ ಬಿದ್ದದ್ದೂ ಗೊತ್ತಿರಲಿಲ್ಲವೇನೋ — ಪ್ರಯೋಗ ಸುಲಭ ಅನ್ನಿಸಿತು. ಈಗ ಅಂಬುಜಮ್ಮ, ಅಪ್ಪನ ಕಾಲದಿಂದ ಬರುವ ನಿವೃತ್ತ ಸ್ಕೂಲ್ ಮೇಡಂ, ಎದುರುಗಡೆ ಹೊಸ ಕಾಫಿ ಅಂಗಡಿ ತೆರೆದಾಗಲೂ ರಸ್ತೆ ದಾಟದವರು, ನೋಟುಗಳನ್ನು ಮಡಿಸಿ ಮುಂಚೆಯೇ ಗಲ್ಲಾದ ಮೇಲಿಟ್ಟವರು, ಏನಪ್ಪಾ, ಚಿಕೋರಿ ಜಾಸ್ತಿ ಹಾಕಿಬಿಟ್ಟೀಯ, ಹೋದ್ಸಲ ನಮ್ಮನೆಯವರು ಕಷಾಯ ಅಂದ್ರು, ಇಲ್ಲಮ್ಮ, ಎಂಬತ್ತಕ್ಕೆ ಇಪ್ಪತ್ತೇ, ಡಿಕಾಕ್ಷನ್ ಇಳಿಯೋವರ್ಗೂ ತಡಕೊಳ್ಳಕ್ಕೆ ಹೇಳಿ ಅವರಿಗೆ, ನಕ್ಕರು, ನಗುತ್ತಲೇ ತಕ್ಕಡಿಯ ಮೇಲೆ ಅರ್ಧ ಕೆಜಿ ತೂಗಿಟ್ಟಿದ್ದ ಪೊಟ್ಟಣದ ಬಾಯನ್ನು ಎರಡೂ ಕೈಯ ಬೆರಳಲ್ಲಿ ಅಗಲಿಸಿ ಹಿಡಿದರು. ಕೊಸರಿಗೆ. ಕೇಳುವುದಿಲ್ಲ, ಎಂದೂ ಕೇಳಿಲ್ಲ, ಬಾಯಿ ಅಗಲಿಸಿ ಹಿಡಿಯುತ್ತಾರೆ ಅಷ್ಟೇ — ಕಾರ್ಡಿನವರಿಗೆ ಕೊಸರು ಗೊತ್ತಿಲ್ಲ, ಕೊಸರು ಗೊತ್ತಿರುವ ಇವರ ಹತ್ತಿರ ಕಾರ್ಡಿಲ್ಲ, ಇವರಿಂದ ಬ್ಯಾಂಕಿಗೆ ಹೋಗುವುದು ಸೊನ್ನೆ, ಇದು ಶನಿವಾರದ ಲೆಕ್ಕದಲ್ಲಿ ಎಲ್ಲಿತ್ತು, ಈಗ ಒಂದು ಚಮಚ ಹಾಕಿದರೆ ನಾಳೆ ಯಾರಿಗೆ ಹಾಕಬೇಕು, ಯಾರಿಗೆ ಬಿಡಬೇಕು, ಅಗಲಿಸಿದ ಬಾಯಿ, ಬೆರಳ ಭಾರಕ್ಕೆ ಅಂಕಿ ಅಲುಗುತ್ತಿದೆ, 504, 507, ಆಯ್ತೇನಪ್ಪಾ, ಅವನ ಕೈ ತಟ್ಟೆಯ ಪುಡಿಯ ಮೇಲೇ ಇದೆ, ಪುಡಿ ಆರಿದೆ, ಆಯ್ತಮ್ಮ ಅಂದದ್ದು ಅವನೇ, 503, ಬೆರಳುಗಳು ಒಂದೊಂದಾಗಿ ಹಿಂದೆ ಸರಿದವು, ಪೊಟ್ಟಣದ ಬಾಯಿ ತೆರೆದೇ ಇದೆ, ತೆರೆದೇ ಇದೆ, ಅಂಕಿ ನಿಂತಿತು: 500 ಗ್ರಾಂ.