ನೆನೆಯದ ಕೋಟು

ನಮ್ಮ ಮಾವನಿಗೆ ಸುಮ್ಮನೆ ಕೂರುವುದು ಹುಟ್ಟಿದಾಗಿನಿಂದ ಗೊತ್ತಿಲ್ಲ. ಅಗ್ನಿಶಾಮಕ ಠಾಣೆಯಿಂದ ನಿವೃತ್ತರಾದ ಮರುದಿನವೇ ತಿಂಡಿ ತಿಂದು, ಬೂಟು ಏರಿಸಿ, ಮತ್ತೆ ಠಾಣೆಗೇ ಹೊರಟ ಮಹಾನುಭಾವರು. ಸಂಬಳವಿಲ್ಲ, ಬನ್ನಿ ಎಂದು ಕರೆದವರೂ ಇಲ್ಲ. ಉಗ್ರಾಣದಲ್ಲಿ ಕೂತು ನಮ್ಮ ಕೋಟುಗಳ ಕಿತ್ತುಹೋದ ಕೊಕ್ಕೆ ಹೊಲಿಯುವುದು, ಬೂಟು ತಿಕ್ಕುವುದು, ಬಂದವರಿಗೆಲ್ಲ ಬುದ್ಧಿ ಹೇಳುವುದು. ಅದೇ ಠಾಣೆಯಲ್ಲಿ ಬೆಂಕಿ ಆರಿಸುವ ಕೆಲಸ ನನ್ನದು. ಮನೆಯಲ್ಲೂ ಮಾವ, ಡ್ಯೂಟಿಯಲ್ಲೂ ಮಾವ. ನನ್ನ ಪಾಡು ಯಾರಿಗೆ ಹೇಳಲಿ!

ಹೆರಿಗೆ ರಜೆ ಮುಗಿಸಿ ನಾನು ಮರಳಿದಾಗ ಕೋಟಿನ ರಾಮಾಯಣ ಶುರುವಾಯಿತು. ನಮ್ಮ ಹಳೆಯ ಕೋಟಿನ ಮೇಲೆ ನೀರು ಬಿದ್ದರೆ ಹನಿಹನಿಯಾಗಿ ಉರುಳಿಹೋಗುತ್ತಿತ್ತು. ಬಟ್ಟೆಗೆ ಹಾಕಿದ್ದ ಒಂದು ರಾಸಾಯನಿಕದ ಮಹಿಮೆ ಅದು. ಮೈಗೆ ಸೇರಿದರೆ ವರ್ಷಗಟ್ಟಲೆ ಹೋಗುವುದಿಲ್ಲ, ತಾಯಿಯ ಹಾಲಿಗೂ ಇಳಿಯುತ್ತದೆ ಎಂದು ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದ್ದರು. ಮನೆಯಲ್ಲಿ ಅತ್ತೆಯ ಮಡಿಲಲ್ಲಿ ನನ್ನ ದಾರಿ ಕಾಯುವ ಹಸುಗೂಸು. ನಾನು ಠಾಣೆಯ ಸಾಹೇಬರ ಮುಂದೆ ನಿಂತು, "ಆ ಕೋಟು ಇನ್ನು ನನ್ನ ಮೈ ಮುಟ್ಟಲ್ಲ ಸಾರ್" ಅಂದುಬಿಟ್ಟೆ.

"ಅದಿಲ್ಲದ ಕೋಟು ಬಂದಿದೆ ಅಂತೆ, ಪರೀಕ್ಷೆಗೆ ತರಿಸ್ತೀನಿ. ಎಲ್ಲರೂ ಒಪ್ಪಿದ್ರೆ ಸರಿ. ಒಪ್ಪಲಿಲ್ಲ ಅಂದ್ರೆ ನಿನಗೆ ಫೋನ್ ಕೋಣೇನೇ ಗತಿ ಕಣಮ್ಮ" ಅಂದರು ಸಾಹೇಬರು.

ಫೋನ್ ಕೋಣೆ! ಗಂಟೆ ಬಾರಿಸಿದಾಗ ಉಳಿದವರೆಲ್ಲ ಗಾಡಿ ಹತ್ತಿ ಹೋಗುವುದು, ನಾನು ಕಿಟಕಿಯಿಂದ ನೋಡುತ್ತ "ವಿಳಾಸ ಹೇಳಿ" ಅನ್ನುವುದು. ನೆನೆಸಿಕೊಂಡರೇ ಹೊಟ್ಟೆ ಉರಿಯುತ್ತಿತ್ತು.

ಹೊಸ ಕೋಟುಗಳು ಬಂದವು. ಮೊದಲ ದಿನವೇ ಗಾಡಿ ಓಡಿಸುವವನು ರಾಗ ತೆಗೆದ. ಅವನು ನಕ್ಕದ್ದನ್ನು ಯಾರೂ ಕಂಡಿಲ್ಲ, ಗಂಟುಮೋರೆ ಅಂತಲೇ ಅವನ ಹೆಸರು. "ಇದೇನು ಕೋಟೋ, ನೆಲ ಒರೆಸೋ ಬಟ್ಟೆಯೋ? ನೀರು ಕಂಡ್ರೆ ಗಟಗಟ ಕುಡಿಯುತ್ತೆ!" ಉಳಿದವರೂ ಅವನಿಗೆ ತಾಳ ಹಾಕಿದರು.

ತೀರ್ಮಾನದ ದಿನ ಸಾಹೇಬರು ನಮ್ಮನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಮೈಮೇಲೆ ಪೈಪಿನ ನೀರು ಬಿಡಿಸಿದರು. ಎಲ್ಲರ ಕೋಟೂ ಒದ್ದೆಯಾಗಿ ಕಪ್ಪಗಾಯಿತು. ನನ್ನದು ಮಾತ್ರ ಆಗಲಿಲ್ಲ! ನೀರು ತೋಳಿನಿಂದ ಜಾರಿ ಜಾರಿ ಬೀಳುತ್ತಿತ್ತು.

"ಭೇಷ್! ಇದು ನೋಡ್ರಪ್ಪ ಕೋಟು ಅಂದ್ರೆ" ಎಂದು ಸಾಹೇಬರು ಕುಣಿಯುವುದೊಂದು ಬಾಕಿ. ಗಂಟುಮೋರೆ ನನ್ನ ಸುತ್ತ ಒಂದು ಸುತ್ತು ಬಂದು, "ಇಂಥದ್ದು ಕೊಡೋದಾದ್ರೆ ನನ್ನ ತಕರಾರಿಲ್ಲ" ಅಂದ. ಉಳಿದವರೂ ತಲೆಯಾಡಿಸಿದರು. ನಾನು ಗೆದ್ದಾಗಿತ್ತು.

ಆದರೆ ಮೂಗಿಗೆ ಏನೋ ಘಾಟು ಬಡಿಯಿತು. ತಿರುಗಿ ನೋಡಿದರೆ ಉಗ್ರಾಣದ ಬಾಗಿಲಲ್ಲಿ ನಮ್ಮ ಮಾವ. ಮುಖ ಊರಗಲ. ನನಗೆ ಕಣ್ಣು ಬೇರೆ ಹೊಡೆದರು! ದಡದಡ ಹೋದೆ.

"ಮಾವ, ನನ್ನ ಕೋಟಿಗೆ ಏನು ಹಾಕಿದ್ರಿ?"

"ಮೆಲ್ಲಗೆ ಮಾತಾಡಮ್ಮ, ಎಲ್ಲರೂ ಕೇಳ್ತಾರೆ" ಎಂದು ಅವರು ಬೆಂಚಿನ ಕೆಳಗಿನಿಂದ ಒಂದು ಡಬ್ಬಿ ತೆಗೆದರು. "ಛತ್ರಿ ಅಂಗಡೀಲಿ ಸಿಗೋ ಸ್ಪ್ರೇ. ಎರಡು ಕೈ ಹೊಡೆದೆ. ಮಗು ತಾಯಿ, ನೀನು ನೆಂದು ಶೀತ ಆದ್ರೆ ಹಾಲಿಗೆ ಇಳಿಯಲ್ವಾ?"

ಡಬ್ಬಿ ತಿರುಗಿಸಿ ಓದಿದೆ. ಅದೇ ಪೀಡೆ. ಹೊಸ ಬಟ್ಟೆಯಿಂದ ಯಾವುದನ್ನು ತೆಗೆದುಹಾಕಿದ್ದರೋ ಅದನ್ನೇ ಈ ಪುಣ್ಯಾತ್ಮರು ದುಡ್ಡು ಕೊಟ್ಟು ತಂದು ಮತ್ತೆ ಮೆತ್ತಿದ್ದರು. ಅದೂ ನನಗೊಬ್ಬಳಿಗೆ, ಪ್ರೀತಿಯಿಂದ! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಶೀತ ಇಳಿಯುತ್ತೋ ಇಲ್ವೋ ನಂಗೊತ್ತಿಲ್ಲ ಮಾವ. ಇದು ಮಾತ್ರ ಇಳಿಯುತ್ತೆ" ಅಂದೆ.

ಮಾವನ ಮುಖ ಕಪ್ಪಿಟ್ಟಿತು. ಬೆಂಚಿನ ಮೇಲೆ ಕುಸಿದು ಕೂತರು. "ಅಂಗಡೀಲಿ ಎಲ್ಲರಿಗೂ ಮಾರ್ತಾರಲ್ಲಮ್ಮ..." ಅಂದರು.

ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು. ಮಾವನ ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ನಾಳೆ ಗಂಟುಮೋರೆಯ ಕೋಟು ನೆಂದರೆ ಅವನು ನನ್ನದು ಹೇಗೆ ನೆನೆಯಲಿಲ್ಲ ಎಂದು ಹುಡುಕದೆ ಬಿಡುತ್ತಾನೆಯೇ? ಇಡೀ ಠಾಣೆ ಡಬ್ಬಿ ತಂದು ಸಿಂಪಡಿಸಿಕೊಂಡು ಕೂರುತ್ತದೆ. ಹಾಗಂತ ಎಲ್ಲರೆದುರು ಮಾವನ ಹೆಸರು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಡಬ್ಬಿ ಹಿಡಿದುಕೊಂಡು ಕಂಬದ ಹಾಗೆ ನಿಂತೆ.

ಮಾವ ಎದ್ದರು. ಡಬ್ಬಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ನೇರ ಅಂಗಳದ ನಡುವೆ ಹೋಗಿ ನಿಂತರು.

"ಸಾಹೇಬ್ರೇ, ಅವಳ ಕೋಟು ನೆನೀಲಿಲ್ಲ ಅಂದ್ರೆ ಅದಕ್ಕೆ ಕಾರಣ ನಾನು. ತೆಗೆದಿದ್ದ ವಿಷಾನ ನಾನೇ ವಾಪಸ್ ಹಾಕಿದೀನಿ. ಸರ್ವೀಸಿನುದ್ದಕ್ಕೂ ಆ ಹಳೇ ಕೋಟು ಹಾಕ್ಕೊಂಡೇ ಊಟ ಮಾಡ್ದೆ, ಅದನ್ನೇ ಹಾಸ್ಕೊಂಡು ಮಲಗ್ದೆ. ಬೆಂಕಿಗೆ ಯಾವತ್ತೂ ಹೆದರಿದೋನಲ್ಲ. ಇವತ್ತು ಈ ಡಬ್ಬಿಗೆ ಹೆದರ್ತಿದೀನಿ ಕಣ್ರಪ್ಪ."

ಗಂಟುಮೋರೆಯೇ ಮೊದಲು ಗೊಣಗಿದ: "ಹಾಗಾದ್ರೆ ಈ ಒದ್ದೆ ಕೋಟೇ ಖಾಯಂ ಅಂತಾಯ್ತು."

ನನಗೆ ರೇಗಿಹೋಯಿತು. ಹೋಗಿ ಅವನ ಕೋಟಿನ ಕೊಕ್ಕೆ ಚಟಚಟ ಬಿಚ್ಚಿ, "ಅಂಗಿ ಮುಟ್ಟಿ ನೋಡ್ಕೋ. ಒಳಗೆ ಒಂದು ಹನಿ ಹೋಗಿದ್ಯಾ?" ಅಂದೆ. ಒಳಪದರ ನೀರನ್ನು ತಡೆದಿತ್ತು, ನೆಂದದ್ದು ಹೊರಬಟ್ಟೆ ಮಾತ್ರ. ಅವನು ಎದೆ ತಟ್ಟಿ ನೋಡಿಕೊಂಡ, ಬೆನ್ನ ಕಡೆ ಕೈ ಹಾಕಿ ನೋಡಿಕೊಂಡ. ಒಂದಿಷ್ಟೂ ನೆಂದಿರಲಿಲ್ಲ.

"ಭಾರ ಆಗುತ್ತೆ" ಅಂದ.

"ಆಗುತ್ತೆ. ಇಲ್ಲ ಅಂದೋರ್ಯಾರು?"

ಅವನು ಮಾವನನ್ನು ನೋಡಿದ. ಕೆಲಸ ಕಲಿಸಿದ ಗುರು ಅವನಿಗೆ. ಮುಖ ಗಂಟಿಕ್ಕಿಕೊಂಡೇ ಒಪ್ಪಿಗೆ ಎಂದು ಕೈ ಎತ್ತಿದ. "ಆಯ್ತು ಬಿಡಿ. ನೆನೆಯೋದಕ್ಕೆ ತಾನೆ ನಮಗೆ ಸಂಬಳ ಕೊಡೋದು." ಸಾಹೇಬರು ಗೊಳ್ಳೆಂದು ನಕ್ಕರು. ಒಂದೊಂದಾಗಿ ಎಲ್ಲ ಕೈಗಳೂ ಮೇಲೆದ್ದವು.

ನನ್ನ ಕೋಟು ಮಾತ್ರ ಕೆಟ್ಟಿತ್ತು. ಇನ್ನೊಂದು ಬರುವವರೆಗೆ ನಾನು ಅದೇ ಫೋನ್ ಕೋಣೆಯಲ್ಲಿ! ಆದರೂ ಅವತ್ತು ಹೊಟ್ಟೆ ತಣ್ಣಗಿತ್ತು.

ಸಂಜೆ ಮನೆಗೆ ಬಂದರೆ ಮಾವ ಬಚ್ಚಲಿಂದ ಹೊರಗೇ ಬರುತ್ತಿಲ್ಲ. "ಅದೆಷ್ಟೊತ್ತಿಂದ ಕೈ ತೊಳೀತಿದಾರೋ, ಸೋಪು ಸವೆದುಹೋಯ್ತು" ಎಂದು ಅತ್ತೆಯ ಗೊಣಗಾಟ. ದಿನಾ ಮನೆಗೆ ಬಂದೊಡನೆ ಮಗುವನ್ನು ಎತ್ತಿಕೊಳ್ಳುವವರು ಅವತ್ತು ಹೊರಬಂದು ದೂರದಲ್ಲೇ ನಿಂತರು. ಮಗು ಅವರನ್ನು ಕಂಡು ಕಾಲು ಬಡಿಯತೊಡಗಿತು.

"ಮೂಸಿ ನೋಡಮ್ಮ" ಎಂದು ಎರಡೂ ಕೈ ನನ್ನ ಮುಂದೆ ಚಾಚಿದರು. ಬೆರಳೆಲ್ಲ ನೆಂದು ಸುಕ್ಕುಗಟ್ಟಿದ್ದವು. ಮೂಸಿದೆ. ಸೋಪಿನ ವಾಸನೆ ಬಿಟ್ಟರೆ ಬೇರೇನಿಲ್ಲ.

"ನನ್ನೊಳಗೆ ಎಷ್ಟು ಸೇರಿರಬಹುದು?" ಎಂದು ಮೆಲ್ಲಗೆ ಕೇಳಿದರು.

"ಗೊತ್ತಿಲ್ಲ ಮಾವ" ಅಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಇದ್ರೆ ಇರಲಿ. ಈ ಕೂಸಿನ ತನಕ ಬರದಿದ್ರೆ ಸಾಕು."

ನಾನು ಮಗುವನ್ನು ಅವರ ಕೈಗೆ ಹಾಕಿದೆ. ಅದು ಅವರ ಮೀಸೆ ಹಿಡಿದು ಜಗ್ಗಿತು. "ಅಯ್ಯೋ ಅಯ್ಯೋ, ಬಿಡಿಸ್ರೇ!" ಎಂದು ಮಾವ ಕೂಗಿಕೊಂಡರು. ಅತ್ತೆಯಾಗಲಿ ನಾನಾಗಲಿ ಬಿಡಿಸಲು ಹೋಗಲಿಲ್ಲ.