ಅಕ್ಕಿಯ ಮೇಲೆ ಬರೆದ ಹೆಸರು

ರಿಯಾಜ ಕಂಪ್ಯೂಟರ್ ಡಬ್ಬಿಯ ಕೊನೆಯ ಸ್ಕ್ರೂ ಬಿಗಿಮಾಡಿ, ಮೇಲಿನ ಧೂಳನ್ನು ಬ್ರಶ್ಶಿನಿಂದ ಕೊಡವಿ, ಪರದೆಯನ್ನು ರೂಪಾಲಿಯ ಕಡೆ ತಿರುಗಿಸಿದ. ವಿಕ್ರೋಳಿ ಸ್ಟೇಶನ್ನಿನ ಹೊರಗಿನ ಅವನ ಅಂಗಡಿ, ಒಬ್ಬರು ಒಳಗೆ ನಿಂತರೆ ಇನ್ನೊಬ್ಬರು ಫುಟ್‌ಪಾತಿನಲ್ಲಿ ಕಾಯಬೇಕು, ಅಷ್ಟೇ ಇತ್ತು. ಅವನು ವಿಜಯಪುರದ ಕಡೆಯವನು. ರೂಪಾಲಿ ಅಥಣಿಯವಳೆಂದು ತಿಳಿದ ದಿನದಿಂದ ಅವಳೊಡನೆ ಹಿಂದಿ ಬಿಟ್ಟಿದ್ದ.

"ಅಕ್ಕಾ, ಮಷೀನ್ ಚಾಲೂ ಆಗೇತ್ರಿ. ಖರೇ ಒಂದು ಲಫಡಾ ಉಳದೈತಿ. ಇಲ್ಲಿ ನೋಡ್ರಿ."

ಪರದೆಯ ಕೆಳಮೂಲೆಯಲ್ಲಿ ಮಸುಕಾದ ಅಕ್ಷರಗಳಿದ್ದವು. 'ವಿಂಡೋಸ್ ಸಕ್ರಿಯಗೊಳಿಸಿ.'

"ಇದು ಮೊದಲ ಇರಲಿಲ್ಲಲ್ಲೋ?"

"ಮದರ್‌ಬೋರ್ಡ್ ಸುಟ್ಟಿತ್ತಲ್ರಿ, ಹೊಸಾದು ಹಾಕೀನಿ. ನಿಮ್ಮ ಫೈಲು, ಫೋಟೋ ಎಲ್ಲಾ ಹಳೇವೇ ಅದಾವ. ಆದ್ರ ವಿಂಡೋಸಿಗೆ ಈಗ ಇದು ಯಾವುದೋ ಬ್ಯಾರೆ ಮಷೀನ್ ಅನ್ನಸಾಕತ್ತೈತಿ. ನೀ ಯಾರು, ನಿನ್ನ ಹೆಸರೇನು ಅಂತ ಕೇಳಾಕತ್ತೈತಿ." ಅವನು ದನಿ ತಗ್ಗಿಸಿದ. "ಕ್ರ್ಯಾಕ್ ಹಾಕಿಬಿಡ್ಲೇನ್ರಿ? ಹೆಸರೂ ಬ್ಯಾಡ, ಊರೂ ಬ್ಯಾಡ. ಎಲ್ಲಾರೂ ಹಂಗೇ ನಡಸ್ತಾರ."

"ಬ್ಯಾಡಪ್ಪಾ. ಅಸಲೀದೇ ತಗೊಂಡೀವಿ. ಹೆಸರಿಗೆ ನೋಂದಣಿ ಮಾಡಿಸಿದ್ದು ಐತಿ."

"ಯಾರ ಹೆಸರಿಗೆ ಐತ್ರಿ? ಸಾಹೇಬರದೇನು?"

ರೂಪಾಲಿ ಪರ್ಸಿನ ಜಿಪ್ಪು ಎಳೆದಳು. "ಇರ್ಲಿ. ಮನ್ಯಾಗ ನೋಡ್ಕೋತೀನಿ."

"ಹಳೇ ಅಕೌಂಟ್ ನೆನಪಿದ್ರ ಸಾಕ್ರಿ, ತಾನೇ ಗುರ್ತು ಹಿಡೀತೈತಿ. ಮತ್ತ ಮಗನ ಶಾದಿ ಮಿಠಾಯಿ ಮರೀಬ್ಯಾಡ್ರಿ!"

ಹಳೆಯ ಚಾದರದಲ್ಲಿ ಸುತ್ತಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಆಟೊದಲ್ಲಿ ಕೂತಳು. ಸ್ಟೇಶನ್ ರಸ್ತೆಯ ತಿರುವಿನಲ್ಲಿ ಈಗ ಮೊಬೈಲ್ ಕವರ್ ಮಾರುವ ಅಂಗಡಿ ಇದೆ. ಒಂದು ಕಾಲಕ್ಕೆ ಅಲ್ಲಿ ಬಣ್ಣದ ಬಲ್ಬು ಹಾಕಿದ ಬೋರ್ಡು ಮಿನುಗುತ್ತಿತ್ತು: 'ರೂಪಾಲಿ ಕಟ್‌ಪೀಸ್ ಸೆಂಟರ್'. ಮದುವೆಯಾದ ಹೊಸದರಲ್ಲಿ ಗಂಡ ಶಿವಪುತ್ರಪ್ಪ ಅದನ್ನು ತೋರಿಸಿ, ದೊಡ್ಡ ಗುಟ್ಟು ಹೇಳುವವನ ಹಾಗೆ ನಕ್ಕಿದ್ದ. "ಫ್ಯಾಕ್ಟರಿಯಿಂದ ಬರೂವಾಗ ದಿನಾ ನೋಡ್ತಿದ್ದೆ. ಎಷ್ಟು ಚಂದ ಹೆಸರು ಅನ್ನಿಸ್ತು. ನಿನಗ ಅದನ್ನೇ ಇಟ್ಟೆ." ಅವನ ಮುಖದಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ಅವಳೂ ನಕ್ಕಿದ್ದಳು. ಅಂಗಡಿ ಮುಚ್ಚಿ ಬೋರ್ಡು ಇಳಿಸಿದ ದಿನ ಮಾತ್ರ, ತನಗೆ ಸಂಬಂಧಪಟ್ಟದ್ದೇನೋ ಹೋಯಿತೆಂದು ಅಳಬೇಕೋ, ಬಿಡುಗಡೆಯಾಯಿತೆಂದು ನಗಬೇಕೋ ತಿಳಿಯದೆ ತರಕಾರಿ ಚೀಲ ಹಿಡಿದು ನಿಂತಿದ್ದಳು.

ಮನೆಯಲ್ಲಿ ಅತ್ತೆ ಮಲ್ಲವ್ವ ಕಿಟಕಿಯ ಬಳಿ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಅದು ಹೆಸರಿಡುವ ಶಾಸ್ತ್ರದ ಅಕ್ಕಿ. ಆ ಮನೆಯ ಪದ್ಧತಿ ಹಾಗಿತ್ತು. ಹೊಸ ಸೊಸೆ ಹೊಸ್ತಿಲ ಮೇಲಿನ ಸೇರು ಒದ್ದು ಒಳಗೆ ಬಂದ ಮೇಲೆ, ಹಿತ್ತಾಳೆ ತಾಟಿನಲ್ಲಿ ಹರವಿದ ಅಕ್ಕಿಯ ಮೇಲೆ ಗಂಡು ಚಿನ್ನದ ಉಂಗುರದಿಂದ ಅವಳ ಹೊಸ ಹೆಸರು ಬರೆಯಬೇಕು. ಆ ಹೆಸರನ್ನು ಅಂಟಿಸಿದ ಪೇಢೆಯ ಡಬ್ಬಿಗಳು ಬಿಲ್ಡಿಂಗಿನ ಎಲ್ಲ ಮನೆಗಳಿಗೂ ಹೋಗಬೇಕು. ಕನ್ನಡ ಸಂಘದ ಆಮಂತ್ರಣ, ವರದಿ ಎಲ್ಲವನ್ನೂ ಟೈಪು ಮಾಡುವವಳು ರೂಪಾಲಿ. ಈ ಸ್ಟಿಕರಿನ ಕೆಲಸವೂ ಅವಳ ಪಾಲಿಗೇ ಬಂದಿತ್ತು.

"ಮಷೀನ್ ರಿಪೇರಿ ಆತಿಲ್ಲೋ? ಇವತ್ತು ಸ್ಟಿಕರ್ ಮಾಡಿ ಮುಗಿಸು," ಎಂದಳು ಮಲ್ಲವ್ವ. "ಗೌರಿ ಅಂತ ಬರಿ. ಆ ಯಕ್ಷಿ... ಯಕ್ಸೀತಾ... ನನ್ನ ಹಲ್ಲಿಲ್ಲದ ಬಾಯಾಗ ಅದು ತಿರುಗಂಗಿಲ್ಲವ್ವಾ. ಜೋರಾಗಿ ಕರದ್ರ ದೆವ್ವ ಬಿಡಿಸಿದಂಗ ಆಗ್ತೈತಿ."

ರೂಪಾಲಿಗೆ ನಗು ಬಂತು. "ಅತ್ತಿ, ಆ ಹುಡಿಗಿಗೆ ತನ್ನ ಹೆಸರು ಸೇರ್ತೈತಂತ."

"ಯಾರಿಗೆ ಸೇರಂಗಿಲ್ಲ? ನನಗ ಸೇರ್ತಿತ್ತು, ನಿನಗ ಸೇರ್ತಿತ್ತು. ಬದಲ್ಸಿದ್ರು. ಸತ್ವೇನು? ಹೊಸ ಮನಿಗೆ ಹೊಸ ಹೆಸರು. ತವರಿನ ಹೆಸರು ಕಿವಿಮ್ಯಾಲೆ ಬೀಳಲಿಲ್ಲಂದ್ರ ತವರಿನ ನೆನಪೂ ಕಡಿಮಿ, ಕಣ್ಣೀರೂ ಕಡಿಮಿ. ಹಿರ್ಯಾರು ತಿಳೀಲಾರ್ದ ಮಾಡಿದ್ದಲ್ಲ."

"ನಿಮ್ಮ ಮೊದಲಿನ ಹೆಸರು ಏನಿತ್ತು ಅತ್ತಿ?"

ಇಷ್ಟು ವರ್ಷ ಒಂದೇ ಒಲೆಯ ಮುಂದೆ ನಿಂತರೂ ಇದನ್ನು ತಾನು ಕೇಳಿರಲಿಲ್ಲ ಎಂಬುದು ಕೇಳಿದ ಮೇಲೆಯೇ ರೂಪಾಲಿಗೆ ಹೊಳೆಯಿತು. ಮುದುಕಿಯ ಬೆರಳುಗಳು ಅಕ್ಕಿಯಲ್ಲಿ ತಡೆದು ನಿಂತವು.

"ಯಾರಿಗೆ ನೆನಪೈತಿ," ಎಂದು ಅವಳು ಮೊರವನ್ನು ಜೋರಾಗಿ ಕೇರಿದಳು.

ಮಗ ಕಿಶೋರ ಮದುವೆಯಾಗಲಿದ್ದ ಯಕ್ಷಿತಾ ಮುಲುಂಡಿನ ತುಳು ಮನೆಯ ಹುಡುಗಿ. ಪರೇಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಹಿಂದಿನ ವಾರ ಸೀರೆ ನೋಡಲು ಬಂದವಳು, ಅಡುಗೆಮನೆಯಲ್ಲಿ ಕಪ್ಪು ತೊಳೆಯುವ ನೆಪದಲ್ಲಿ ರೂಪಾಲಿಯ ಪಕ್ಕ ನಿಂತಿದ್ದಳು. "ಆಂಟಿ, ಕೋಪ ಮಾಡ್ಬೇಡಿ. ಅಜ್ಜಿ ಪ್ರೀತಿಯಿಂದಲೇ ಹೇಳುದು, ಗೊತ್ತುಂಟು. ಆದ್ರೆ ಯಾರಾದ್ರೂ ಗೌರಿ ಅಂತ ಕರೆದ್ರೆ ನಾನು ತಿರುಗಿ ನೋಡುದೇ ಇಲ್ಲ, ಐ ನೋ. ಕಿಶೋರ್ ಹೇಳ್ತಾನೆ, ದೋ ಮಿನಿಟ್ ಕಾ ರಸಮ್ ಹೈ, ಎರಡು ನಿಮಿಷದ ಶಾಸ್ತ್ರ ಅಷ್ಟೇ, ಪೇಪರಲ್ಲಿ ಏನೂ ಚೇಂಜ್ ಆಗುದಿಲ್ಲ ಅಂತ. ಮನೆಯಲ್ಲಿ ಕರೆಯುದು ಪೇಪರ್ ನೋಡಿ ಅಲ್ಲ ಅಲ್ವಾ ಆಂಟಿ? ನೀವು ಹೇಳ್ತೀರಾ ಅಜ್ಜಿಗೆ?"

"ನೋಡೋಣವ್ವಾ," ಎಂದಿದ್ದಳು ರೂಪಾಲಿ. ಹೂಂ ಎನ್ನಲಾರದ, ಊಹೂಂ ಎನ್ನಲೂ ಆಗದ ಜಾಗದಲ್ಲೆಲ್ಲ ಅವಳು ಈ ಮನೆಯಲ್ಲಿ ಬಳಸುತ್ತ ಬಂದ ಮಾತು ಅದು.

ತಿರುಗಿ ನೋಡುವುದಿಲ್ಲ ಎಂದರೇನೆಂದು ಅವಳಿಗೆ ಗೊತ್ತಿತ್ತು. ಮದುವೆಯಾಗಿ ಬಂದಾಗ ಇದ್ದದ್ದು ಚಾಳಿನ ಒಂದೇ ಕೋಣೆಯಲ್ಲಿ. "ರೂಪಾ, ಹಾಲು ಉಕ್ಕಾಕತ್ತೈತಿ" ಎಂದು ಅತ್ತೆ ಕೂಗಿದರೆ, ಯಾರೋ ರೂಪಾ ಇರಬೇಕೆಂದು ಅವಳು ಕಟ್ಟೆಯ ಮೇಲೆ ಕೂತು ಲೋಕಲ್ ಗಾಡಿಗಳ ಸದ್ದು ಕೇಳುತ್ತಿದ್ದಳು. ಹಾಲು ಉಕ್ಕಿ ಹೋಗುತ್ತಿತ್ತು. ಶಿವಪುತ್ರಪ್ಪನ ಹೆಂಡತಿಗೆ ಕಿವಿ ಮಂದವಂತೆ ಎಂದು ಚಾಳಿನ ಹೆಂಗಸರು ನಲ್ಲಿಯ ಹತ್ತಿರ ಮಾತಾಡಿಕೊಂಡದ್ದು ಮಾತ್ರ ಅವಳಿಗೆ ಚೆನ್ನಾಗಿ ಕೇಳಿಸಿತ್ತು.

ಸಂಜೆ ಕಿಶೋರ ಬಂದವನೇ ಕಂಪ್ಯೂಟರಿನ ಮುಂದೆ ಕೂತ. ಶಿವಪುತ್ರಪ್ಪ ಸೋಫಾದಲ್ಲಿ ಪೇಪರ್ ಹಿಡಿದಿದ್ದ.

"ಮಮ್ಮಿ, ಯೇ ಸಬ್ ಕನ್ನಡದಾಗ ಯಾಕ ಇಟ್ಟಿ ಯಾರ್? ನನಗ ಓದಾಕ ಬರಂಗಿಲ್ಲ."

"ನಾ ಓದ್ತೀನಿ, ನೀ ಒತ್ತು." ಅವಳು ಕನ್ನಡಕ ಏರಿಸಿ ಮಗನ ಹೆಗಲ ಹಿಂದೆ ಬಾಗಿ ಒಂದೊಂದೇ ಸಾಲು ಓದುತ್ತ ಬಂದಳು. "'ನಾನು ಇತ್ತೀಚೆಗೆ ಈ ಸಾಧನದ ಹಾರ್ಡ್‌ವೇರ್ ಬದಲಿಸಿದ್ದೇನೆ.' ಹಾಂ, ಅದೇ ನೋಡು, ಅದನ್ನೊತ್ತು."

"ಅಕೌಂಟ್ ಕೇಳ್ತೈತಿ. ಇಮೇಲ್ ಬೋಲೋ." ಹೇಳುವ ಮೊದಲೇ ಅವನು ಅವಳ ಈಗಿನ ಹೆಸರನ್ನು ಟೈಪು ಮಾಡಿದ. ಪರದೆ ಕೆಂಪಗೆ ಒಂದು ಸಾಲು ತೋರಿಸಿತು.

"ಏನಂತದು?"

"ಈ ಹೆಸರಿನ ಖಾತೆ ಇಲ್ಲ," ಎಂದು ರೂಪಾಲಿ ಓದಿದಳು.

ಅಪ್ಪನ ಅಡ್ಡಹೆಸರು ಸೇರಿಸಿದ. ಇಲ್ಲ. ರೂಪಾಲಿ ಶಿವಪುತ್ರಪ್ಪ ಎಂದ. ಇಲ್ಲ. "ಕ್ಯಾ ಮಮ್ಮಿ, ನಿನ್ನ ಹೆಸರು ನಿನಗೇ ನೆನಪಿಲ್ಲೇನು?"

ಅವಳು ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡಳು. ಈ ಕಂಪ್ಯೂಟರ್ ಮನೆಗೆ ಬಂದ ಮಧ್ಯಾಹ್ನ ಎಲ್ಲರೂ ಹೊರಗಿದ್ದರು. ಜೋಡಿಸಲು ಬಂದ ಹುಡುಗ, 'ನಾಮ್ ಬತಾಯಿಯೇ' ಎಂದು ಕೇಳಿದ್ದ. ಅಷ್ಟು ವರ್ಷಗಳಲ್ಲಿ, ಅವಳು ಏನು ಹೇಳಿದರೆ ಅದನ್ನೇ ಬರೆದುಕೊಳ್ಳಲು ಸಿದ್ಧನಾಗಿ ಕೂತ ಮೊದಲ ಮನುಷ್ಯ ಅವನು.

"ನೀಲಾವತಿ ಅಂತ ಹಾಕು. ಮುಂದ ಅಥಣಿ."

"ನೀಲಾವತಿ ಯಾರು?"

ಸೋಫಾದ ಮೇಲಿನ ಪೇಪರು ಮೆಲ್ಲಗೆ ಕೆಳಗಿಳಿಯಿತು.

"ನಿಮ್ಮವ್ವ," ಎಂದ ಶಿವಪುತ್ರಪ್ಪ.

"ವಾಟ್? ಮಮ್ಮಿ, ಕಭೀ ಬತಾಯಾ ನಹೀ!"

"ನೀ ಕೇಳಲಿಲ್ಲ."

"ನಾನೂ ಹೇಳಲಿಲ್ಲ," ಎಂದ ಶಿವಪುತ್ರಪ್ಪ, ಯಾರ ಮುಖವನ್ನೂ ನೋಡದೆ.

ಕಿಶೋರ ಹೊಸ ಪದವನ್ನು ಬಾಯಲ್ಲಿಟ್ಟು ನೋಡುವವನ ಹಾಗೆ, "ನೀಲಾವತಿ" ಎಂದ.

"ಹಾಂ," ಎಂದುಬಿಟ್ಟಳು ಅವಳು. ಕರೆದದ್ದಲ್ಲ, ಸುಮ್ಮನೆ ಹೇಳಿದ್ದು ಎಂದು ತಿಳಿಯುವ ಮೊದಲೇ ಒಳಗಿನಿಂದ ಓಗೊಟ್ಟಾಗಿತ್ತು.

ಪಾಸ್‌ವರ್ಡ್ ಅವಳೇ ಒತ್ತಿದಳು. ನೀಲಾವತಿಯ ಹೆಸರಿನ ಕೆಳಗೆ ಎರಡು ಯಂತ್ರಗಳು ಕಂಡವು. ಒಂದು ಸಂಘದ ಟೈಪಿಗೆಂದು ಅವಳು ಕೆಲದಿನ ಬಳಸಿದ ಲ್ಯಾಪ್‌ಟಾಪು, ಎಂದೋ ಕೆಟ್ಟುಹೋದದ್ದು. ಇನ್ನೊಂದು ಇದು. ಅದರ ಪಕ್ಕದ ಸಾಲನ್ನು ಅವಳು ಓದಿದಳು: "'ನಾನು ಈಗ ಬಳಸುತ್ತಿರುವ ಸಾಧನ ಇದೇ.'" ಕಿಶೋರ ಗುರುತು ಹಾಕಿದ. ಚಕ್ರವೊಂದು ತುಸು ಹೊತ್ತು ತಿರುಗಿ ನಿಂತಿತು. ಮೂಲೆಯ ಮಸುಕು ಅಕ್ಷರಗಳು ಕಣ್ಣೆದುರೇ ಅಳಿಸಿಹೋದವು.

ಎಲ್ಲರೂ ಊಟಕ್ಕೆದ್ದ ಮೇಲೆ ಅವಳು ಸ್ಟಿಕರಿನ ಪುಟ ತೆರೆದಳು. 'ಸೌ. ಗೌರಿ' ಎಂದು ಟೈಪಿಸಿದಳು. ಅಕ್ಷರದ ಮುಂದಿನ ಗೆರೆ ಮಿಟುಕುತ್ತ ಕಾಯುತ್ತಿತ್ತು.

ಅವಳ ಅಪ್ಪ ಅಥಣಿಯ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸದಲ್ಲಿದ್ದ. ಶಾಲೆ ಬಿಟ್ಟರೆ ಅವಳ ಓಟವೆಲ್ಲ ಅಲ್ಲಿಗೇ. ಮಸಿ, ಸೀಮೆಎಣ್ಣೆಯ ವಾಸನೆ. ಮರದ ಖಾನೆಗಳಲ್ಲಿ ಸೀಸದ ಅಕ್ಷರಗಳು. ಒಂದು ದಿನ ಅಪ್ಪ ನಾಲ್ಕು ಮೊಳೆ ಆರಿಸಿ, ದಾರದಿಂದ ಬಿಗಿದು ಅವಳ ಅಂಗೈಗೆ ಇಟ್ಟಿದ್ದ. "ಇದೇನಪ್ಪಾ, ಉಲ್ಟಾ ಐತಿ?" "ಒತ್ತಿದ್ರ ಸುಲ್ಟಾ ಆಗ್ತೈತಿ ನೋಡು. ಇದು ನೀ." ನೀ, ಲಾ, ವ, ತಿ. ಅಂದಿನಿಂದ ಗೋಡೆ, ಅಂಗಿ, ಅಜ್ಜಿಯ ಎಲೆಚೀಲ ಯಾವುದನ್ನೂ ಅವಳು ಬಿಡಲಿಲ್ಲ. ಮದುವೆಗೆ ಮುಂಚೆ ಅಪ್ಪ ಆ ಮೊಳೆಗಳನ್ನು ಹಿಂದಕ್ಕೆ ಕೇಳಿ ಇಸಕೊಂಡು ಖಾನೆಗಳಿಗೆ ಹಂಚಿಬಿಟ್ಟ. "ಅಕ್ಷರ ಕಡಿಮಿ ಬೀಳಾಕತ್ತಾವವ್ವಾ" ಎಂದಿದ್ದ. ಅವನ ಕಣ್ಣು ಯಾಕೆ ಕೆಂಪಾಗಿತ್ತೆಂದು ಅವಳಿಗೆ ತಿಳಿದದ್ದು ತಾಟಿನ ಅಕ್ಕಿಯ ಮೇಲೆ ಬೇರೆ ಹೆಸರು ಮೂಡಿದಾಗ.

ಅವಳು ಗೌರಿಯನ್ನು ಅಳಿಸಿದಳು.

ಮದುವೆಯ ದಿನ ಬೆಳಿಗ್ಗೆ ಮಲ್ಲವ್ವ ಪೇಢೆ ಡಬ್ಬಿಯೊಂದನ್ನು ಎತ್ತಿ, ಸ್ಟಿಕರಿನ ಮೇಲೆ ಬೆರಳಾಡಿಸಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. "ಗೌರಿ ಅಂತ ಬರದ್ಯಲ್ಲಾ?"

ಹೂಂ ಎಂದುಬಿಟ್ಟಿದ್ದರೆ ಆಗುತ್ತಿತ್ತು. ನೋಡೋಣ ಎನ್ನುವ ಹೊತ್ತು ದಾಟಿತ್ತು.

"ಇಲ್ಲ ಅತ್ತಿ. ಯಕ್ಷಿತಾ ಅಂತ ಬರದೀನಿ. ಅಕ್ಕಿ ಮ್ಯಾಲೆ ತನ್ನ ಹೆಸರು ಅಕಿನೇ ಬರೀತಾಳ. ಶಾಸ್ತ್ರ ಬಿಡೂದು ಬ್ಯಾಡ, ಹೆಸರು ಬದಲ್ಸೂದು ಬ್ಯಾಡ."

"ನನ್ನನ್ನ ಕೇಳಿದ್ಯೇನು?"

"ನಮ್ಮನ್ನ ಯಾರು ಕೇಳಿದ್ರು ಅತ್ತಿ?"

ಮಲ್ಲವ್ವ ಡಬ್ಬಿ ಕೆಳಗಿಟ್ಟು ಗೋಡೆಯ ಕಡೆ ಮುಖ ತಿರುಗಿಸಿದಳು. ಮಧ್ಯಾಹ್ನ ಹುಡುಗಿ ಸೇರು ಒದ್ದು ಒಳಗೆ ಬಂದಳು.

ಬಂದ ನೆಂಟರೆಲ್ಲ ತಾಟಿನ ಸುತ್ತ ಸೇರಿದರು. ರೂಪಾಲಿ ಉಂಗುರವನ್ನು ಮಗನ ಕೈಗೆ ಕೊಡಲಿಲ್ಲ, ಸೊಸೆಯ ಬೆರಳಿಗೆ ಹಿಡಿಸಿದಳು. "ಏ, ಗಂಡು ಬರೀಬೇಕಲ್ಲ!" ಎಂದು ಯಾರೋ ಅಂದರು. ಎಲ್ಲರ ಕಣ್ಣೂ ಮಲ್ಲವ್ವನ ಕುರ್ಚಿಯ ಕಡೆ ಹೊರಳಿತು. ಮುದುಕಿ ತುಟಿ ಬಿಗಿದುಕೊಂಡಿದ್ದಳು.

"ಬರೀಲಿ ಬಿಡ್ರಿ," ಎಂದ ಶಿವಪುತ್ರಪ್ಪ. "ನಾ ಬರದದ್ದೇ ಸಾಕು."

ಯಕ್ಷಿತಾ ಉಂಗುರದ ಅಂಚಿನಿಂದ 'ಯ' ಎಂದು ಬರೆದಳು. ಅಲ್ಲಿಗೇ ನಿಂತಳು. ಕೆನ್ನೆ ಕೆಂಪಾಯಿತು. "ಆಂಟಿ... 'ಕ್ಷ' ಹೇಗೆ ಬರೆಯುದು? ನಾನು ಇಂಗ್ಲಿಷ್ ಮೀಡಿಯಂ."

"ನೋಡ್ರವ್ವಾ!" ಮಲ್ಲವ್ವನ ದನಿ ಸಿಡಿಯಿತು. "ನನಗ ಕರಿಯಾಕ ಬರಂಗಿಲ್ಲ, ಅಕಿಗೆ ಬರಿಯಾಕ ಬರಂಗಿಲ್ಲ. ಇಂಥಾ ಹೆಸರು ಯಾರ ಉದ್ಧಾರಕ್ಕೋ!"

ಎಲ್ಲರೂ ಗೊಳ್ಳೆಂದು ನಕ್ಕರು. ಮದುಮಗಳೂ ನಕ್ಕಳು. ಕೊನೆಗೆ ಮಲ್ಲವ್ವನ ತುಟಿಯ ಬಿಗಿಯೂ ಸಡಿಲಿತು. ರೂಪಾಲಿ ಸೊಸೆಯ ಬೆರಳನ್ನು ತನ್ನ ಬೆರಳೊಳಗೆ ಹಿಡಿದು, ಅಕ್ಕಿಯಲ್ಲಿ 'ಕ್ಷಿ' ತಿದ್ದಿಸಿದಳು. 'ತಾ' ಹುಡುಗಿ ತಾನೇ ಬರೆದಳು.

ಸಂಜೆ ನೆಂಟರು ಹೊರಟ ಮೇಲೆ ಮನೆ ಒಮ್ಮೆಲೇ ಖಾಲಿಯಾಯಿತು. ಹೊಸ ಜೋಡಿ ಡಬ್ಬಿ ಹಂಚಲು ಕೆಳಗಿಳಿದಿತ್ತು. ಮೆಟ್ಟಿಲಿನಿಂದ ಕಿಶೋರನ ನಗು ಕೇಳುತ್ತಿತ್ತು. ರೂಪಾಲಿ ತಾಟು ಎತ್ತಲು ಬಂದಳು. ಮರುದಿನದ ಪಾಯಸಕ್ಕೆ ಆ ಅಕ್ಕಿಯೇ ಆಗಬೇಕು.

"ತಡಿ," ಎಂದಳು ಮಲ್ಲವ್ವ. ಕುರ್ಚಿಯಿಂದಿಳಿದು, ಮೊಣಕಾಲು ಹಿಡಿದುಕೊಂಡು ತಾಟಿನ ಮುಂದೆ ಕೂತಳು. ಎರಡೂ ಕೈಯಿಂದ ತಾಟನ್ನು ಮೆಲ್ಲಗೆ ಅಲುಗಿಸಿದಳು. ಅಕ್ಕಿ ಸಮನಾಯಿತು.

"ನಂದೂ ಒಂದು ಬರಿ. ಇತ್ಲಾಗ, ಬದೀಗೆ ಬರಿ. ನಿಂದಕ್ಕೂ ಜಾಗ ಇರ್ಲಿ."

ರೂಪಾಲಿ ಅವಳೆದುರು ಕೂತಳು. "ಏನಂತ ಬರೀಲಿ ಅತ್ತಿ?"

ಮಲ್ಲವ್ವ ಬಾಗಿಲ ಕಡೆ ನೋಡಿದಳು. ಮಗ ಇಲ್ಲ, ಮೊಮ್ಮಗ ಇಲ್ಲ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಹಲ್ಲಿಲ್ಲದ ಬಾಯಲ್ಲಿ ಸಣ್ಣಗೆ ಹೇಳಿದಳು. "ಸುಂದ್ರಾ ಅಂತಿದ್ರು."

ರೂಪಾಲಿ ಬರೆದಳು. ಉಂಗುರ ಅಲ್ಲಿರಲಿಲ್ಲ, ಬೆರಳಿನಿಂದಲೇ ಬರೆದಳು. ಮುದುಕಿ ಆ ಗೆರೆಗಳನ್ನು ಬಹಳ ಹೊತ್ತು ನೋಡಿದಳು. ಮುಟ್ಟಿದರೆ ಅಳಿಸೀತೆಂದು ಬೆರಳನ್ನು ಅಕ್ಕಿಗೆ ತಾಗಿಸದೆ ಮೇಲೆಮೇಲೆಯೇ ಆಡಿಸಿದಳು.

"ಇದು ನಾನೇನು?"

"ಹೌದು ಅತ್ತಿ. ಇದು ನೀವೇ."